ಮಾಳಿಗೆ ಮೇಲಿನ ಮೂರನೇ ಒಲೆ

ಮೊದಲೇ ಹೇಳಿಬಿಡುತ್ತೇನೆ. ನಮ್ಮ ಮನೆಯಲ್ಲಿ ಗ್ಯಾಸ್ ಇದೆ. ಎರಡು ಸಿಲಿಂಡರ್ ಇವೆ. ಮೂಲೆಯಲ್ಲಿ ಒಂದು ಇಂಡಕ್ಷನ್ ಒಲೆಯೂ ಬಿದ್ದಿದೆ. ಮಣ್ಣಿನ ಒಲೆ ಹಾಕಲೇಬೇಕು ಅನ್ನುವ ಕಷ್ಟ ನಮಗೇನೂ ಇರಲಿಲ್ಲ. ಇದೆಲ್ಲ ಶುರುವಾಗಿದ್ದು ಒಂದು ರೊಟ್ಟಿಯಿಂದ.

ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು, ಅಂದರೆ ಹೊಲಕ್ಕೆ ಅಡಿಗೆಯ ಎಡೆ ಅರ್ಪಿಸಲು, ಅಣ್ಣಿಗೇರಿ ಕಡೆ ಸೋದರಮಾವನ ಹೊಲಕ್ಕೆ ಹೋಗಿದ್ದೆವು. ಬುತ್ತಿ ಬಿಚ್ಚಿದರೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಮೆತ್ತಗಿನ ಜೋಳದ ರೊಟ್ಟಿ, ಪುಂಡಿ ಪಲ್ಯ, ಎಣ್ಣೆಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಎಲ್ಲ ಅತ್ತೆ ಬೆಳಗಿನ ಜಾವ ಎದ್ದು ಕಟ್ಟಿಗೆ ಒಲೆ ಮೇಲೆ ಮಾಡಿದ್ದು. ಅವ್ವ ಒಂದು ತುತ್ತು ಬಾಯಿಗಿಟ್ಟುಕೊಂಡು ಸ್ವಲ್ಪ ಹೊತ್ತು ಮಾತಾಡಲೇ ಇಲ್ಲ. ಆಮೇಲೆ ನನ್ನ ಕಡೆ ತಿರುಗಿ, "ರೊಟ್ಟಿ ಅಂದ್ರ ಇದು ನೋಡಪಾ. ನೀವು ಪ್ಯಾಟ್ಯಾಗ ತಿನ್ನೋದು ಹಪ್ಪಳ" ಅಂದಳು.

ಅವಳ ಮಾತು ಸುಳ್ಳೇನಲ್ಲ. ಅವ್ವನಿಗೆ ಎರಡು ವರ್ಷದಿಂದ ಬಲಭುಜ ಹಿಡಿದಿದೆ. ಕೈ ಎತ್ತಿದರೆ ನೋವು. ಹೆಂಡತಿ ಬೆಳಗ್ಗೆ ಏಳೂವರೆಗೆ ಚಿಗರಿ ಬಸ್ ಹತ್ತಿ ಧಾರವಾಡಕ್ಕೆ ಕೆಲಸಕ್ಕೆ ಹೋಗುತ್ತಾಳೆ. ಹಾಗಾಗಿ ಮನೆಯಲ್ಲಿ ರೊಟ್ಟಿ ಬಡಿಯುವುದು ನಿಂತೇ ಹೋಗಿತ್ತು. ಹುಬ್ಬಳ್ಳಿಯಲ್ಲಿ ಓಣಿಗೊಂದು ರೊಟ್ಟಿ ಮಾರುವ ಮನೆ ಇರುವಾಗ ಚಿಂತೆ ಯಾಕೆ ಅಂತ ನಾವೂ ಸುಮ್ನಿದ್ದೆವು.

ಅವತ್ತು ರಾತ್ರಿ ಮನೆಗೆ ಬಂದ ಮೇಲೆ, "ನಾನ ಬಡೀತೀನಿ ಬಿಡವಾ" ಅಂದೆ. ನಾನು ಗೋಕುಲ ರಸ್ತೆಯ ಒಂದು ವರ್ಕ್‌ಶಾಪಿನಲ್ಲಿ ಇಪ್ಪತ್ತು ವರ್ಷದಿಂದ ಲೇತ್ ಮಷಿನ್ ಮೇಲೆ ಕೆಲಸ ಮಾಡುವವನು. ಮಿಲಿಮೀಟರಿನ ನೂರನೇ ಒಂದು ಭಾಗ ಹಿಡಿಯುವ ಕೈಗೆ ಒಂದು ರೊಟ್ಟಿ ದುಂಡಗೆ ಬರಲ್ವಾ ಅನ್ನುವ ಸೊಕ್ಕು ಇತ್ತು. ಅವ್ವ ನಕ್ಕಳು, ಅಷ್ಟೇ.

ಮೊದಲ ವಾರ ಗ್ಯಾಸಿನ ಮೇಲೆ ಮಾಡಿದ ರೊಟ್ಟಿಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಒಂದೂ ಉಬ್ಬಲಿಲ್ಲ. ಎಲ್ಲದರ ಮೇಲೂ ಬಳೆಯಾಕಾರದ ಒಂದು ಕಪ್ಪು ಗೆರೆ. ವರ್ಕ್‌ಶಾಪಿನಿಂದ ಶಾಖ ಅಳೆಯುವ ಗನ್ ತಂದು ಹಂಚಿಗೆ ಹಿಡಿದು ನೋಡಿದೆ. ಬರ್ನರಿನ ಉರಿ ತಾಗುವ ಉಂಗುರದಲ್ಲಿ 290 ಡಿಗ್ರಿ, ನಟ್ಟನಡುವೆ 210, ಅಂಚಿನಲ್ಲಿ 150. ತಪ್ಪು ಸಿಕ್ಕಿತು ಅಂದುಕೊಂಡೆ. ತಪ್ಪು ನನ್ನದಲ್ಲ, ಒಲೆಯದು! ಕೈ ಬರದವನಿಗೆ ಇಂಥ ಸಾಕ್ಷಿ ಸಿಕ್ಕರೆ ಎಷ್ಟು ಖುಷಿ ಆಗುತ್ತದೆ ಗೊತ್ತಾ? ಒಲೆ ಹಾಕುವುದು ಅವತ್ತೇ ಗಟ್ಟಿಯಾಯಿತು.

ಒಂದನೇ ಒಲೆ

ಸಂಕ್ರಾಂತಿ ಮುಗಿದ ಮೊದಲ ಭಾನುವಾರ. ಜಾಗ ನಮ್ಮ ಮನೆಯ ಮಾಳಿಗೆ, ನೀರಿನ ಟ್ಯಾಂಕಿನ ಪಕ್ಕದ ಮೂಲೆ. ಮೂವತ್ತು ಇಟ್ಟಿಗೆ ತಂದೆ. ಮಣ್ಣು ಮಾವನ ಹೊಲದ್ದೇ, ಎರಡು ಸಿಮೆಂಟ್ ಚೀಲ ತುಂಬಿಸಿ ತಂದಿದ್ದೆ. ಅದೇ ಹೊಲದ ಜೋಳ, ಅದೇ ಹೊಲದ ಮಣ್ಣು. ಕೇಳಲು ಚೆನ್ನಾಗಿತ್ತು.

ಇಟ್ಟಿಗೆಯನ್ನು ಮೂರು ಕಡೆ ಗೋಡೆಯ ಹಾಗೆ ಜೋಡಿಸಿ, ಒಳಗೆ ಮಣ್ಣು ಮೆತ್ತಿದೆ. ಹೊರಗಿನ ಸಂದುಗಳಿಗೆ ಗಟ್ಟಿಯಾಗಿರಲಿ ಅಂತ ಸಿಮೆಂಟ್ ಹಾಕಿದೆ. ಸಂಜೆ ಕರಣೆ ತೊಳೆದಿಟ್ಟು ಫೋಟೋ ತೆಗೆದು ಮಾವನಿಗೆ ಕಳಿಸಿದೆ. ಮಾವ ಏನೂ ಹೇಳಲಿಲ್ಲ. ಆಗಲೇ ಅನುಮಾನ ಬರಬೇಕಿತ್ತು.

ಬುಧವಾರ ಬೆಳಗ್ಗೆ ಹೋಗಿ ನೋಡಿದರೆ ಒಳಗಿನ ಮಣ್ಣು ಬೆರಳು ಹೋಗುವಷ್ಟು ಬಿರಿದಿತ್ತು. ಒಂದು ಕಡೆ ಪೂರ್ತಿ ಚಕ್ಕೆ ಎದ್ದು ಇಟ್ಟಿಗೆಯಿಂದ ಬಿಟ್ಟು ನಿಂತಿತ್ತು. ಅವ್ವ ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದಳು. ಒಲೆ ನೋಡಿದಳು, ನನ್ನನ್ನು ನೋಡಿದಳು.

"ಎರಿ ಮಣ್ಣಿಂದ ಯಾರರ ಒಲಿ ಹಾಕ್ತಾರೇನೋ ತಮ್ಮಾ?"

"ಮೊದಲ ಹೇಳಬಾರದಾ?"

"ನೀ ಕೇಳಿದೆಲ್ಲಾ?"

ಎರಿ ಅಂದರೆ ಕಪ್ಪು ಮಣ್ಣು, ಅದರ ಗುಣವೇ ಅದು. ಅದರೊಳಗಿನ ಜೇಡಿ ಬಹಳ ಸಣ್ಣ ಸಣ್ಣ ಪದರುಗಳಾಗಿರುತ್ತದೆ. ನೀರು ಆ ಪದರುಗಳ ನಡುವೆ ಹೋಗಿ ಕೂರುತ್ತದೆ. ಆಗ ಮಣ್ಣು ಉಬ್ಬುತ್ತದೆ, ಒಣಗಿದಾಗ ಅಷ್ಟೇ ಕುಗ್ಗುತ್ತದೆ. ಮಳೆ ನಿಂತು ತಿಂಗಳುಗಟ್ಟಲೆ ಆದರೂ ಹಿಂಗಾರಿ ಜೋಳ, ಕಡಲೆ ಬರುವುದು ಈ ತೇವ ಹಿಡಿದಿಟ್ಟುಕೊಳ್ಳುವ ಗುಣದಿಂದಲೇ. ಬೇಸಿಗೆಯಲ್ಲಿ ನವಲಗುಂದ ಕಡೆ ಹೊಲಕ್ಕೆ ಹೋದರೆ ಕುಡುಗೋಲು ಬಿದ್ದರೂ ಕಾಣದಂಥ ಬಿರುಕುಗಳು. ಸಣ್ಣವನಿದ್ದಾಗ ಆ ಬಿರುಕಿನಲ್ಲಿ ಕೋಲು ಇಳಿಸಿ ಆಳ ನೋಡುತ್ತಿದ್ದವನು ನಾನು. ಒಲೆ ಹಾಕುವಾಗ ಅದು ನೆನಪಿಗೆ ಬರಲಿಲ್ಲ.

ಹಠಕ್ಕೆ ಬಿದ್ದು ಬಿರುಕಿಗೆ ಮಣ್ಣು ತುಂಬಿ ಉರಿ ಹಾಕಿದೆ. ಇನ್ನೆರಡು ಪಾಠ ಒಟ್ಟಿಗೇ ಆದವು. ಒಂದು, ಸಿಮೆಂಟಿನದು. ಸಿಮೆಂಟ್ ಗಟ್ಟಿ ಇರುವುದೇ ನೀರನ್ನು ತನ್ನೊಳಗೆ ಹಿಡಿದುಕೊಂಡು. ಬಿಸಿ 400 ಡಿಗ್ರಿ ದಾಟಿದರೆ ಆ ಹಿಡಿತ ಬಿಡುತ್ತದೆ. ನಾಲ್ಕೇ ದಿನದಲ್ಲಿ ಒಲೆಯ ಬಾಯಿಯ ಹತ್ತಿರದ ಸಂದುಗಳಿಂದ ಅದು ಪುಡಿ ಪುಡಿಯಾಗಿ ಉದುರಿತು. ಎರಡನೆಯದು ಜಾಸ್ತಿ ದುಬಾರಿ. ಒಲೆಯನ್ನು ಸೀದಾ ಸ್ಲ್ಯಾಬಿನ ಮೇಲೆ ಕಟ್ಟಿದ್ದೆ. ಕೆಳಗೆ ಮಳೆನೀರು ಸೋರದಂತೆ ಹೋದ ವರ್ಷ ಬಳಿಸಿದ್ದ ರಾಸಾಯನಿಕದ ಪದರು ಬೆಂದು ಗುಳ್ಳೆ ಎದ್ದಿತ್ತು. ಹೆಂಡತಿ ಅದನ್ನು ನೋಡಿ ಒಂದೇ ಮಾತು ಕೇಳಿದಳು: "ರೀ, ರೊಟ್ಟಿ ಎಷ್ಟಕ್ಕ ಒಂದು ಬಿತ್ತು?"

ಎಲ್ಲ ಕೆಡವಿದೆ. ಇಟ್ಟಿಗೆ ಉಳಿಸಿಕೊಂಡೆ. ಎರಿ ಮಣ್ಣು ಹೆಂಡತಿಯ ಕರಿಬೇವಿನ ಕುಂಡಕ್ಕೆ ಹೋಯಿತು. ಅಲ್ಲಿ ಅದು ಆರಾಮಾಗಿದೆ.

ಎರಡನೇ ಒಲೆ

ಈ ಸಲ ಮಣ್ಣಿನ ಬಗ್ಗೆ ಹುಷಾರಾದೆ. ಧಾರವಾಡ ದಾಟಿ ಹಳಿಯಾಳ ರಸ್ತೆ ಕಡೆ ಗೆಳೆಯನೊಬ್ಬ ಮನೆ ಕಟ್ಟಿಸುತ್ತಿದ್ದ. ಅಲ್ಲಿಂದ ಬುನಾದಿಯ ಕೆಂಪು ಮಣ್ಣು ತಂದೆ. ಇಪ್ಪತ್ತು ಕಿಲೋಮೀಟರ್ ದೂರದಲ್ಲಿ ಮಣ್ಣು ಇಷ್ಟು ಬೇರೆ ಆಗುತ್ತದೆ ಅನ್ನುವುದು ನಮ್ಮ ಕಡೆಯ ವಿಶೇಷ. ಹುಬ್ಬಳ್ಳಿಯಿಂದ ಮೂಡಣಕ್ಕೆ ಹೊರಟರೆ ಕಪ್ಪು, ಧಾರವಾಡ ದಾಟಿ ಪಡುವಣಕ್ಕೆ ಹೊರಟರೆ ಕೆಂಪು.

ಒಂದು ಲೀಟರಿನ ಬಾಟಲಿಗೆ ಅರ್ಧ ಮಣ್ಣು, ಅರ್ಧ ನೀರು ಹಾಕಿ, ಚೆನ್ನಾಗಿ ಕುಲುಕಿ ರಾತ್ರಿ ಇಟ್ಟೆ. ಬೆಳಗ್ಗೆ ನೋಡಿದರೆ ಕೆಳಗೆ ಮರಳು, ನಡುವೆ ನುಣ್ಣನೆ ಧೂಳಿನಂಥ ಮಣ್ಣು, ಮೇಲೆ ಜೇಡಿ, ಗೆರೆ ಎಳೆದ ಹಾಗೆ ಕೂತಿದ್ದವು. ಜೇಡಿ ಜಾಸ್ತಿ ಕಂಡಿತು. ಅದಕ್ಕೆ ಎರಡು ಬುಟ್ಟಿ ಮಣ್ಣಿಗೆ ಒಂದು ಬುಟ್ಟಿ ಮರಳು, ಅರ್ಧ ಬುಟ್ಟಿ ಹೊಟ್ಟು, ಎರಡು ಬೊಗಸೆ ಸೆಗಣಿ ಹಾಕಿದೆ. ಹೊಟ್ಟು ಬಿರುಕು ಹರಿಯದಂತೆ ತಡೆಯುತ್ತದೆ. ಮಗಳೂ ನಾನೂ ಅರ್ಧ ಗಂಟೆ ತುಳಿದೆವು. ಗೋಣಿಚೀಲ ಮುಚ್ಚಿ ಒಂದು ರಾತ್ರಿ ಕೊಳೆಯಲು ಬಿಟ್ಟೆವು. ಬೆಳಗ್ಗೆ ಒಂದು ಉಂಡೆ ಮಾಡಿ ಸೊಂಟದ ಎತ್ತರದಿಂದ ಬಿಟ್ಟೆ. ಒಡೆಯಲಿಲ್ಲ, ಚಪ್ಪಟೆಯಾಗಿ ಅಪ್ಪಳಿಸಲೂ ಇಲ್ಲ. ಹದ ಬಂದಿತ್ತು.

ಸ್ಲ್ಯಾಬಿನ ಮೇಲೆ ಮೊದಲು ಇಟ್ಟಿಗೆ ಹಾಸು, ಅದರ ಮೇಲೆ ಎರಡು ಇಂಚು ಮರಳು, ಮತ್ತೆ ಇಟ್ಟಿಗೆ. ಈ ಭಾಗ ಮಾತ್ರ ಇವತ್ತಿಗೂ ಹಾಗೇ ಇದೆ. ಒಂದು ಗಂಟೆ ಉರಿ ಹಾಕಿದ ಮೇಲೆ ಕೆಳಗಿನ ಕೋಣೆಗೆ ಹೋಗಿ ಛತ್ತಿಗೆ ಗನ್ ಹಿಡಿದೆ. ಒಲೆಯ ಕೆಳಗೆ 34, ಬೇರೆ ಕಡೆ 33. ಸಾಕು.

ತಪ್ಪು ಆಗಿದ್ದು ಒಲೆಯ ಆಕಾರದಲ್ಲಿ. ನಾನು ಮಷಿನ್ ಕೆಲಸದವನು ಅಂದೆನಲ್ಲ. ಹೊಗೆ ಕಡಿಮೆ, ಕಟ್ಟಿಗೆ ಕಡಿಮೆ, ಉರಿ ಜಾಸ್ತಿ, ಇಂಥದ್ದೇ ಬೇಕು ಅಂತ ತಲೆಯಲ್ಲಿ ಕೂತಿತ್ತು. ಸಣ್ಣವನಿದ್ದಾಗ ದೊಡ್ಡಪ್ಪನ ಮನೆಯಲ್ಲಿ ಅಸ್ತ್ರ ಒಲೆ ಇತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಅನ್ನುವ ವಿಭಾಗ ಹಳ್ಳಿಗಳಿಗಾಗಿ ರೂಪಿಸಿದ ಒಲೆ ಅದು. ಮೂರು ಪಾತ್ರೆ ಒಟ್ಟಿಗೆ ಇಡಬಹುದು, ಕೆಳಗೆ ಜಾಲರಿ, ಹಿಂದೆ ಹೊಗೆ ಕೊಳವೆ, ಕಟ್ಟಿಗೆ ತುರುಕಲು ಸಣ್ಣ ಬಾಯಿ. ಹೊಗೆಯೇ ಇಲ್ಲದ ಅಡಿಗೆಮನೆ ನೋಡಲು ಓಣಿಯವರೆಲ್ಲ ಬಂದಿದ್ದರು. ಆದರೆ ದೊಡ್ಡವ್ವ ಆರು ತಿಂಗಳಲ್ಲೇ ಕುಡುಗೋಲು ತಗೊಂಡು ಅದರ ಬಾಯಿ ಕೆತ್ತಿ ಅಗಲ ಮಾಡಿದ್ದಳು. ದೊಡ್ಡಪ್ಪ ಬೈದಿದ್ದು ನೆನಪಿದೆ. ತಿಳಿಯದ ಹೆಂಗಸು, ಚೆಂದದ ಒಲೆ ಕೆಡಿಸಿದಳು ಅಂತ ನಾನೂ ಅಂದುಕೊಂಡಿದ್ದೆ.

ನನ್ನ ಎರಡನೇ ಒಲೆಗೆ ಐದು ಇಂಚು ಚೌಕದ ಬಾಯಿ. ಅಲ್ಲಿಂದ ಉರಿ ಒಂದು ಅಡಿ ಎತ್ತರದ ಕೊಳವೆಯಂಥ ಗೂಡಿನಲ್ಲಿ ಮೇಲೇರಿ ಹಂಚಿಗೆ ತಾಗಬೇಕು. ಕೆಳಗೆ ಗಾಳಿ ಆಡಲು 8 ಎಂಎಂ ಸರಳು ಬೆಸೆದು ಮಾಡಿದ ಜಾಲರಿ. ಎರಡು ವಾರ ಒಣಗಿಸಿದೆ. ಕೂದಲೆಳೆಯ ಬಿರುಕು ಎರಡು ಬಂದವು, ಮಣ್ಣಿನ ರಾಡಿ ಬಳಿದೆ, ಮುಚ್ಚಿಹೋದವು.

ಉರಿ ಹಾಕಿದ ದಿನ ನಾನು ಕುಣಿಯುವುದೊಂದೇ ಬಾಕಿ. ಬುರ್ ಅಂತ ಸದ್ದು ಮಾಡುತ್ತಾ ಉರಿಯಿತು. ಬಿಸಿ ಹಿಡಿದ ಮೇಲೆ ಹೊಗೆ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ನಾಲ್ಕು ತುಂಡು ಕಟ್ಟಿಗೆಯಲ್ಲಿ ಒಂದು ಲೀಟರ್ ನೀರು ಆರು ನಿಮಿಷಕ್ಕೆ ಕುದಿಯಿತು. ಚಹಾ ಮಾಡಿ ಅವ್ವನಿಗೂ ಕೊಟ್ಟೆ. ಕುಡಿದಳು. "ಛಲೋ ಆಗೇತಿ" ಅಂದಳು.

ಆಮೇಲೆ ರೊಟ್ಟಿ ಹಾಕಿದೆ. ಮೂವತ್ತು ಸೆಕೆಂಡಿನಲ್ಲಿ ನಟ್ಟನಡುವೆ ಅಂಗೈಯಗಲ ಸುಟ್ಟು ಕರಿಯಾಯಿತು. ಅಂಚು ಹಸಿ ಹಿಟ್ಟು. ಗನ್ ಹಿಡಿದೆ. ನಡುವೆ 340, ಅಂಚು 160. ಗ್ಯಾಸಿಗಿಂತ ಕೆಟ್ಟದು! ಕೊಳವೆಯಿಂದ ಬಂದ ಉರಿ ಹಂಚಿನ ಒಂದೇ ಜಾಗಕ್ಕೆ ಗುಂಡು ಹೊಡೆದ ಹಾಗೆ ಹೊಡೆಯುತ್ತಿತ್ತು. ಪಾತ್ರೆಯಲ್ಲಿ ನೀರಿದ್ದರೆ ಚಿಂತೆಯಿಲ್ಲ, ನೀರೇ ಓಡಾಡಿ ಶಾಖ ಹಂಚಿಕೊಳ್ಳುತ್ತದೆ. ರೊಟ್ಟಿ ಓಡಾಡುತ್ತದಾ?

ಅದಕ್ಕಿಂತ ದೊಡ್ಡ ಎಡವಟ್ಟು ಆಮೇಲೆ ತಿಳಿಯಿತು. ಅವ್ವ ಅರ್ಧ ಬೆಂದ ರೊಟ್ಟಿಯನ್ನು ಹಂಚಿನಿಂದ ತೆಗೆದು, ಅದನ್ನು ಹಿಡಿದುಕೊಂಡೇ ಒಲೆಯ ಮುಂದೆ ಬಗ್ಗಿ ಏನೋ ಹುಡುಕಿದಳು.

"ಕೆಂಡ ಎಲ್ಲಿ ಅದಾವು?"

"ಕೆಂಡ ಬರಂಗಿಲ್ಲವಾ. ಎಲ್ಲಾ ಒಳಗ ಪೂರ್ತಿ ಉರದು ಬಿಡತೈತಿ. ಅದ ಇದರ ಹೆಚ್ಚುಗಾರಿಕಿ."

"ಮತ್ತ ರೊಟ್ಟಿ ಎಲ್ಲಿ ಆನಸಲಿ? ನಿನ್ನ ತಲೀ ಮ್ಯಾಲೇನು?"

ಆಗ ದೊಡ್ಡವ್ವನ ಕುಡುಗೋಲು ನೆನಪಾಯಿತು. ರೊಟ್ಟಿ ಹಂಚಿನ ಮೇಲೆ ಮುಕ್ಕಾಲು ಮಾತ್ರ ಬೇಯುತ್ತದೆ. ಉಳಿದ ಕೆಲಸ ಒಲೆಯ ಬಾಯಲ್ಲಿ. ಕೆಂಡ ಮುಂದಕ್ಕೆ ಎಳೆದು, ರೊಟ್ಟಿಯನ್ನು ಅದರ ಎದುರಿಗೆ ನಿಲ್ಲಿಸಿ ಆನಿಸಬೇಕು. ಅಲ್ಲಿ ಉಬ್ಬುತ್ತದೆ. ದೊಡ್ಡವ್ವ ಆ ಒಲೆ ಕೆಡಿಸಿರಲಿಲ್ಲ. ಅದರಲ್ಲಿ ರೊಟ್ಟಿ ಆನಿಸಲು ಜಾಗ ಮಾಡಿಕೊಂಡಿದ್ದಳು, ಅಷ್ಟೇ. ಅವಳು ಈಗಿಲ್ಲ. ಇದ್ದಿದ್ದರೆ ಹೋಗಿ ಹೇಳಿ ಬರುತ್ತಿದ್ದೆ.

"ಇದು ಚಾದ ಒಲಿ" ಅಂತ ಅವ್ವ ಕೆಳಗಿಳಿದು ಹೋದಳು.

ಮೂರನೇ ಒಲೆ

ಫೆಬ್ರುವರಿ ಎರಡನೇ ವಾರ. ಈ ಸಲ ಟೇಪು ಮುಟ್ಟಲಿಲ್ಲ. ಅವ್ವನಿಗೆ ಮಾಳಿಗೆ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರಿಸಿದೆ. ಅವಳು ಹೇಳಿದ್ದು, ನಾನು ಮೆತ್ತಿದ್ದು. ಎರಡನೇ ಒಲೆಯ ಮಣ್ಣನ್ನೇ ಒಡೆದು, ನೆನೆಸಿ, ಮತ್ತೆ ತುಳಿದೆವು. ಮಣ್ಣಿನ ಒಲೆಯಲ್ಲಿ ಇದೊಂದು ಸುಖ. ಸಾಮಾನು ಹಾಳಾಗುವುದಿಲ್ಲ.

ಅಳತೆ ಎಲ್ಲ ಅವ್ವನ ಕೈಯದು. ಹಂಚು ಕೂರುವ ಎತ್ತರ ನೆಲದಿಂದ ಒಂದು ಗೇಣು. ಒಳಗಿನ ಅಗಲ ಒಂದು ಗೇಣು ನಾಲ್ಕು ಬೆರಳು. ಹಿಂದಿನ ಗೋಡೆ ದಪ್ಪ, ಪಕ್ಕದ ಗೋಡೆಗಳು ಮುಂದಕ್ಕೆ ಬಂದ ಹಾಗೆ ಸ್ವಲ್ಪ ಹೊರಗೆ ಬಾಗಬೇಕು. ಬಾಯಿ ಪೂರ್ತಿ ತೆರೆದದ್ದು. ಬಾಯಿಯ ಮುಂದೆ ಒಂದೂವರೆ ಗೇಣು ಕಟ್ಟೆ, ಕೆಂಡ ಎಳೆದು ಹರಡಲು. ಜಾಲರಿ ಬೇಡವೇ ಬೇಡ. "ಬೂದಿ ಮ್ಯಾಲ ಕೆಂಡ ಕುಂತರ ಜೀವ ಹಿಡೀತಾವು" ಅಂದಳು. ಸರಿಯೇ. ಕೆಳಗಿನಿಂದ ಗಾಳಿ ಬಂದರೆ ಕೆಂಡ ಬೇಗ ಉರಿದುಹೋಗುತ್ತದೆ, ಬೂದಿಯ ಹಾಸಿನಲ್ಲಿ ನಿಧಾನಕ್ಕೆ ಬೇಯುತ್ತದೆ.

ಮೇಲೆ ಮೂರು ಒಲೆಗುಂಡು. ಮಣ್ಣಿನ ಉಬ್ಬು ಇವು, ಹಂಚು ಇವುಗಳ ಮೇಲೆ ಕೂರುತ್ತದೆ. ನಾನು ಎರಡು ಬೆರಳು ಎತ್ತರ ಮಾಡಿದ್ದೆ. ಅವ್ವ ಒಂದು ಬೆರಳಿಗೆ ಇಳಿಸಿದಳು. ಹಂಚಿಗೂ ಗೋಡೆಗೂ ನಡುವೆ ಸಂದು ಜಾಸ್ತಿ ಇದ್ದರೆ ಉರಿ ಹೊರಗೆ ಓಡುತ್ತದೆ, ಕಡಿಮೆ ಇದ್ದರೆ ಹೊಗೆ ಮುಖಕ್ಕೆ ಬರುತ್ತದೆ. ಒಂದು ಬೆರಳಿನಲ್ಲಿ ಉರಿ ಹಂಚಿನ ಕೆಳಗೆ ಹರಡಿಕೊಂಡು ಎಲ್ಲ ಕಡೆಯಿಂದ ಸಮನಾಗಿ ನಾಲಿಗೆ ಹೊರಚಾಚುತ್ತದೆ.

ಬಲಕ್ಕೆ ಒಂದು ಕೋಡೊಲೆಯೂ ಬೇಕೆಂದಳು. ದೊಡ್ಡ ಒಲೆಯ ಉರಿ ಒಂದು ತೂತಿನಿಂದ ಹಾದು ಪಕ್ಕದ ಸಣ್ಣ ಒಲೆಗೆ ಹೋಗುತ್ತದೆ. ರೊಟ್ಟಿಗೆ ಬೇಕಾದ ಎಸರು ಅಲ್ಲಿ ಕಾಯುತ್ತಿರಬೇಕು, ಪಲ್ಯ ಬಿಸಿ ಇರಬೇಕು. ಇದರ ಕಥೆ ಆಮೇಲೆ.

ಹತ್ತು ದಿನ ನೆರಳಿನಲ್ಲಿ ಒಣಗಿತು. ದಿನಾ ಸಂಜೆ ಸೆಗಣಿ, ಕೆಮ್ಮಣ್ಣು ಕಲಸಿ ಸಾರಿಸಿದೆ. ಆಮೇಲೆ ಮೂರು ದಿನ ಬರೀ ಸಣ್ಣ ಉರಿ, ಅರ್ಧರ್ಧ ಗಂಟೆ. ಒಮ್ಮೆಗೇ ಜೋರು ಉರಿ ಹಾಕಿದರೆ ಒಳಗೆ ಉಳಿದ ನೀರು ಹಬೆಯಾಗಿ ಮಣ್ಣನ್ನು ಸೀಳುತ್ತದೆ. ಕೊನೆಗೆ ಅರಿಷಿಣ ಕುಂಕುಮ ಹಚ್ಚಿ, ಹಾಲುಕ್ಕಿಸಿದೆವು.

ಹಂಚು ಮಾವನ ಮನೆಯ ಹಳೇ ಕಬ್ಬಿಣದ್ದು, ತುಕ್ಕು ಹಿಡಿದು ಅಟ್ಟದ ಮೇಲಿತ್ತು. ಇಟ್ಟಿಗೆ ಪುಡಿ, ಹುಣಸೆಹಣ್ಣು ಹಾಕಿ ತಿಕ್ಕಿದೆ. ವರ್ಕ್‌ಶಾಪಿನ ಗ್ರೈಂಡರ್ ಹಿಡಿಯುವ ಆಸೆ ಇತ್ತು, ಅವ್ವ ಬಿಡಲಿಲ್ಲ.

ಗನ್ ಹಿಡಿದೆ. ನಡುವೆ 260, ಅಂಚು 225. ಇಷ್ಟು ಸಮನಾದ ಶಾಖ ನಾನು ಕೊಳವೆ ಲೆಕ್ಕ ಹಾಕಿ ತರಲಾಗದ್ದು, ಅವ್ವನ ಗೇಣಿನಲ್ಲಿ ಬಂತು. ಇನ್ನೇನು, ರೊಟ್ಟಿ ಉಬ್ಬಬೇಕು ಅಲ್ವಾ?

ಹತ್ತು ರೊಟ್ಟಿ ಹಾಕಿದೆ. ಎರಡು ಅರ್ಧಂಬರ್ಧ ಉಬ್ಬಿದವು. ಎಂಟು ಉಬ್ಬಲಿಲ್ಲ.

ಒಲೆಯದಲ್ಲದ ತಪ್ಪುಗಳು

ಇನ್ನು ಒಲೆಯ ಮೇಲೆ ಹೊರಿಸುವಂತಿರಲಿಲ್ಲ. ಒಂದೊಂದಾಗಿ ಹುಡುಕಲು ಕೂತೆ.

ಮೊದಲನೆಯದು ಕಟ್ಟಿಗೆ. ವರ್ಕ್‌ಶಾಪಿಗೆ ಮಷಿನ್ ಬಂದ ಪೆಟ್ಟಿಗೆಗಳ ಹಲಗೆ ಪುಕ್ಕಟೆ ಸಿಗುತ್ತಿತ್ತು, ಅದನ್ನೇ ತಂದಿದ್ದೆ. ರೊಟ್ಟಿಗೆ ಬಣ್ಣದ ವಾಸನೆ ಬಂತು. ಮಗಳು ಒಂದು ತುತ್ತು ತಿಂದು, "ಪಪ್ಪಾ, ಇದು ಗೇಟಿನ ವಾಸನಿ" ಅಂದಳು. ಪೆಯಿಂಟು, ಅಂಟು ಇರುವ ಹಲಗೆ ಅಡಿಗೆಗೆ ಸುಡಲೇಬಾರದು, ಅದರ ಹೊಗೆ ವಿಷ. ಎಲ್ಲ ಎಸೆದೆ. ಈಗ ಹೊತ್ತಿಸಲು ಗೋವಿನಜೋಳದ ದಿಂಡು, ಉರಿಗೆ ಹತ್ತಿ ಕಟ್ಟಿಗೆ, ಕೆಂಡಕ್ಕೆ ಜಾಲಿ. ಹತ್ತಿ ಕಟ್ಟಿಗೆ ಭರ್ರನೆ ಉರಿದು ಮುಗಿಯುತ್ತದೆ, ಕೆಂಡ ನಿಲ್ಲುವುದಿಲ್ಲ. ಜಾಲಿ ನಿಲ್ಲುತ್ತದೆ.

ಎರಡನೆಯದು ಹಿಟ್ಟು. ಅಂಗಡಿಯಿಂದ ತಂದ ಪ್ಯಾಕೆಟ್ ಹಿಟ್ಟು ಬಳಸುತ್ತಿದ್ದೆ. ಬಡಿಯುವಾಗ ಅಂಚೆಲ್ಲ ಸೀಳುತ್ತಿತ್ತು. ಅವ್ವ ಚಿಟಿಕೆ ತೆಗೆದು ನಾಲಿಗೆಗೆ ಹಚ್ಚಿ ನೋಡಿ, "ಕಹಿ ಆಗೇತಿ, ಜಿಗಿ ಹೋಗೇತಿ" ಅಂದಳು. ಜೋಳದ ಹಿಟ್ಟಿನಲ್ಲಿ ಮೊಳಕೆಯ ಭಾಗದ ಎಣ್ಣೆಯಂಶ ಉಳಿದಿರುತ್ತದೆ. ಹಿಟ್ಟು ಹಳತಾದರೆ ಅದು ಕೆಟ್ಟು ಕಹಿಯಾಗುತ್ತದೆ. ಮಾವನ ಹೊಲದ ಹಿಂಗಾರಿ ಬಿಳಿ ಜೋಳ, ಮಾಲದಂಡಿ, ಆಗಷ್ಟೇ ರಾಶಿಯಾಗಿತ್ತು. ಹತ್ತು ಕೇಜಿ ತಂದೆ. ಈಗ ಎರಡೆರಡು ಕೇಜಿ ಗಿರಣಿಗೆ ಒಯ್ಯುತ್ತೇನೆ, ವಾರಕ್ಕೆ ಮುಗಿಯಬೇಕು. ಗಿರಣಿಯಲ್ಲಿ ನಮ್ಮ ಮುಂದಿನವರು ಏನು ಹಾಕಿಸಿದ್ದರು ಅಂತ ಕೇಳಿಯೇ ಚೀಲ ಇಳಿಸಬೇಕು. ಒಮ್ಮೆ ಕೇಳದೆ ಹಾಕಿಸಿ, ಕಡಲೆ ಬೆರೆತ ಹಿಟ್ಟು ತಂದಿದ್ದೆ. ರೊಟ್ಟಿ ತಿಂದರೆ ಝುಣಕದ ನೆನಪಾಗುತ್ತಿತ್ತು.

ಮೂರನೆಯದು ನೀರು. ನಿಜವಾದ ತಪ್ಪು ಇಲ್ಲಿತ್ತು. ಗೋಧಿಯಲ್ಲಿ ಎಳೆದರೆ ಹಿಗ್ಗುವ ಅಂಟು ಇದೆ, ತಣ್ಣೀರಿನಲ್ಲಿ ನಾದಿದರೂ ಹಿಡಿದುಕೊಳ್ಳುತ್ತದೆ. ಜೋಳದಲ್ಲಿ ಅದಿಲ್ಲ. ಅದಕ್ಕೆ ಜಿಗಿ ಬರುವುದು ಹಿಟ್ಟಿನ ಪಿಷ್ಟ ಬಿಸಿ ನೀರಿನಲ್ಲಿ ಸ್ವಲ್ಪ ಬೆಂದು ಗಂಜಿಯ ಹಾಗೆ ಆದಾಗ. ಅದಕ್ಕೆ ಸುಮಾರು 70 ಡಿಗ್ರಿ ಬೇಕು. ನಾನು ಕೈ ಸುಡುತ್ತದೆ ಅಂತ ಎಸರನ್ನು ಆರಿಸಿ ಹಾಕುತ್ತಿದ್ದೆ. ಗನ್ ಹಿಡಿದರೆ 55. ತಗೋ!

ಈಗ ಮಾಡುವುದು ಹೀಗೆ. ಎರಡು ಲೋಟ ಹಿಟ್ಟಿನ ನಡುವೆ ಗುಂಡಿ ಮಾಡಿ, ಒಂದೂವರೆ ಲೋಟ ಕುದಿಯುವ ಎಸರು ಒಮ್ಮೆಗೇ ಸುರಿಯುತ್ತೇನೆ. ಕೈ ಹಾಕುವುದಿಲ್ಲ, ಮರದ ಸೌಟಿನ ಹಿಂದಿನ ತುದಿಯಿಂದ ಕಲಸಿ, ಮುಚ್ಚಿ ಐದು ನಿಮಿಷ ಬಿಡುತ್ತೇನೆ. ಆಮೇಲೆ ಒಂದು ರೊಟ್ಟಿಗೆ ಬೇಕಾದಷ್ಟೇ ಹಿಟ್ಟು ಮುರಿದುಕೊಂಡು, ತಣ್ಣೀರು ಮುಟ್ಟಿಸಿಕೊಂಡು ಅಂಗೈ ಬುಡದಿಂದ ಒತ್ತಿ ಒತ್ತಿ ನಾದುತ್ತೇನೆ. ಒತ್ತಿದ ಹಿಟ್ಟಿನ ಅಂಚು ಸೀಳದೆ ನುಣ್ಣಗೆ ಹಿಂದೆ ಬಂದರೆ ಆಯಿತು. ಎಲ್ಲ ಒಟ್ಟಿಗೆ ನಾದಿಟ್ಟರೆ ಕೊನೆಯ ನಾಲ್ಕು ರೊಟ್ಟಿ ಒಣಗಿ ಸೀಳುತ್ತವೆ.

ನಾಲ್ಕನೆಯದು ಬಟ್ಟೆ. ರೊಟ್ಟಿ ಹಂಚಿಗೆ ಬಿದ್ದ ತಕ್ಷಣ ಮೇಲಿನ ಮೈಗೆ ಒದ್ದೆ ಬಟ್ಟೆಯಿಂದ ನೀರು ಸವರಬೇಕು. ಒಣ ಹಿಟ್ಟು ತೊಳೆದುಹೋಗಿ ಮೈ ಮುಚ್ಚಿಕೊಳ್ಳುತ್ತದೆ. ನಾನು ಸೊಟ್ಟಗಾದ ಅಂಚು ಸರಿ ಮಾಡುತ್ತಾ ತಡ ಮಾಡುತ್ತಿದ್ದೆ, ಅಷ್ಟರಲ್ಲಿ ಮೈ ಬಿರಿಯುತ್ತಿತ್ತು. ಒಂದು ಸೂಜಿ ತೂತು ಇದ್ದರೂ ಸಾಕು, ಒಳಗಿನ ಹಬೆ ಅಲ್ಲಿಂದಲೇ ಹೋಗುತ್ತದೆ, ರೊಟ್ಟಿ ಏಳುವುದಿಲ್ಲ. ನೀರಿನ ಹೊಳಪು ಪೂರ್ತಿ ಆರುವ ಮೊದಲು ತಿರುವಬೇಕು. ಹೊಳಪು ಆರಿ ಬೆಳ್ಳಗಾಗಲು ಬಿಟ್ಟರೆ ಮತ್ತೆ ಬಿರುಕು. ನಡುವೆ ಸಿಗುವುದು ಆರೇಳು ಸೆಕೆಂಡ್. ಇದನ್ನು ಹಿಡಿಯಲು ನನಗೆ ಮೂರು ಭಾನುವಾರ ಬೇಕಾದವು.

ಮಾರ್ಚ್ ತಿಂಗಳ ಒಂದು ಭಾನುವಾರ, ಬೆಳಗ್ಗೆ ಆರೂವರೆ. ಏಳನೇ ರೊಟ್ಟಿ. ತಿರುವಿ ಹಾಕಿದೆ, ಕೆಳಗಿನ ಮೈ ಬೆಂದಿತು, ಎತ್ತಿ ಕೆಂಡದ ಎದುರು ಆನಿಸಿದೆ. ಮೊದಲು ಬಲಗಡೆ ಅಂಚಿನ ಹತ್ತಿರ ಒಂದು ಲಿಂಬೆಹಣ್ಣಿನಷ್ಟು ಗುಳ್ಳೆ ಎದ್ದಿತು. ಅದು ನಿಲ್ಲಲಿಲ್ಲ. ಪಕ್ಕಕ್ಕೆ ಹರಿಯಿತು, ಇನ್ನೊಂದು ಗುಳ್ಳೆಗೆ ಕೂಡಿತು, ಎರಡು ಪದರು ಬಿಡಿಸಿಕೊಳ್ಳುವ ಸಣ್ಣ ಸದ್ದು ಕೇಳಿತು. ನೋಡುತ್ತಾ ನೋಡುತ್ತಾ ರೊಟ್ಟಿ ಪೂರ್ತಿ ಚೆಂಡಾಗಿ, ಒರಗಿದ ಜಾಗದಿಂದ ತಾನೇ ಮುಂದಕ್ಕೆ ಬಾಗಿ ಕಟ್ಟೆ ಮೇಲೆ ಬಿತ್ತು. ಅಂಚಿನ ಒಂದು ಕಡೆಯಿಂದ ಹಬೆ ಸೀಟಿ ಹೊಡೆಯಿತು. ನಾನು ಬೂದಿ ಒರೆಸುವುದನ್ನೂ ಮರೆತು ಹಾಗೇ ಕೂತಿದ್ದೆ.

"ತಿರುವೋ, ಸುಡತೈತಿ!" ಅಂತ ಅವ್ವ ಕೂಗಿದಳು.

ಬಿಸಿ ರೊಟ್ಟಿಯ ಮೇಲ್ಪದರು ಬಿಡಿಸಿ, ಒಳಗೆ ಬೆಣ್ಣೆ ಸವರಿ, ಕೆಂಪು ಖಾರ ಹಚ್ಚಿ ಅವಳ ಕೈಗೆ ಕೊಟ್ಟೆ. ಖಾರ ಬ್ಯಾಡಗಿ ಮೆಣಸಿನಕಾಯಿಯದು, ಬಣ್ಣವೇ ಜಾಸ್ತಿ, ಉರಿ ಕಡಿಮೆ. ಜೊತೆಗೆ ಗುದ್ದಿದ ಹಸಿ ಉಳ್ಳಾಗಡ್ಡಿ. ಅವ್ವ ತಿಂದಳು. ಏನೂ ಹೇಳಲಿಲ್ಲ. ಎರಡನೆಯದಕ್ಕೆ ಕೈ ಚಾಚಿದಳು.

ಆಮೇಲಿನ ರಿಪೇರಿಗಳು

ಪಕ್ಕದ ಮನೆಯ ಕಾಕು ಮೊದಲ ದಿನದಿಂದಲೂ ಒಣ ಹಾಕಿದ ಬಟ್ಟೆಗೆ ಹೊಗೆ ಬಡಿಯುತ್ತದೆ ಅಂತ ಬೈಯುತ್ತಾರೆ. ಈಗ ಭಾನುವಾರ ಮಾತ್ರ, ಎಂಟು ಗಂಟೆಯೊಳಗೆ ಮುಗಿಸುತ್ತೇನೆ. ಆದರೂ ಬೈಯುತ್ತಾರೆ. ಬೈಯುತ್ತಲೇ ಗೋಡೆ ಮೇಲಿಂದ ಡಬ್ಬಿ ಚಾಚುತ್ತಾರೆ. ಕೆಳಗಿನ ಮನೆಯವರದು ಬೇರೆ ದೂರು, ಬಡಿಯುವ ಸಪ್ಪಳದ್ದು. ಹಲಗೆಯ ಕೆಳಗೆ ಹಳೇ ಟೈರಿನ ತುಂಡು ಕೊಟ್ಟೆ, ಕಡಿಮೆಯಾಯಿತು.

ಮಾರ್ಚ್ ಕೊನೆಗೆ ಒಂದು ಸಂಜೆ ಆಲಿಕಲ್ಲಿನ ಮಳೆ ಬಂತು. ನಾವು ದುರ್ಗದ ಬೈಲಿನಲ್ಲಿ ಸಂತೆ ಮಾಡುತ್ತಿದ್ದೆವು. ಮನೆಗೆ ಓಡಿ ಬರುವಷ್ಟರಲ್ಲಿ ಎಡಗೋಡೆಯ ಮೇಲ್ಭಾಗ ಕರಗಿ, ಒಂದು ಒಲೆಗುಂಡು ಜಾರಿ ಬಿದ್ದಿತ್ತು. ಒಣಗಿದ ಮಣ್ಣಿಗೆ ಹಸಿ ಮಣ್ಣು ಸುಮ್ನೆ ಮೆತ್ತಿದರೆ ಹಿಡಿಯುವುದಿಲ್ಲ. ಮೊದಲು ಹಳೇ ಮೈಯನ್ನು ಕೆರೆದು ಒರಟು ಮಾಡಿ, ನೀರು ಚಿಮುಕಿಸಿ ನೆನೆಸಿ, ರಾಡಿ ಬಳಿದು, ಆಮೇಲೆ ಮೆತ್ತಬೇಕು. ಮಾಡಿದೆ. ನಾಲ್ಕು ಇಟ್ಟಿಗೆ ಕಂಬ ನಿಲ್ಲಿಸಿ ಮೇಲೆ ತಗಡು ಹಾಕಿದೆ. ಗಾಳಿಗೆ ಹಾರದಂತೆ ಎರಡು ಕಲ್ಲು ಹೇರಿದ್ದೇನೆ. ಮಳೆಗಾಲಕ್ಕೆ ಇದು ಸಾಲದು, ಆಗ ಒಲೆಗೆ ರಜೆ.

ಹೋದ ವಾರದ ಲೆಕ್ಕ: ಹದಿನಾಲ್ಕು ರೊಟ್ಟಿಯಲ್ಲಿ ಹನ್ನೊಂದು ಉಬ್ಬಿದವು. ಒಂದು ಸುಟ್ಟಿತು, ಆಗ ಫೋನ್ ಬಂದಿತ್ತು. ದುಂಡಗೆ ಬಂದವು ಐದೋ ಆರೋ. ಒಂದಂತೂ ಥೇಟ್ ಗೋವಾದ ನಕ್ಷೆಯಂತಿತ್ತು ಅಂತ ಮಗಳು ಫೋಟೋ ತೆಗೆದುಕೊಂಡಳು. ಮಿಲಿಮೀಟರಿನ ನೂರನೇ ಭಾಗದ ವಿಷಯ ನಾನೀಗ ಎತ್ತುವುದಿಲ್ಲ.

ಕೋಡೊಲೆ ಮಾತ್ರ ಇನ್ನೂ ಸರಿಯಾಗಿಲ್ಲ. ತೂತು ಎರಡೇ ಬೆರಳು ಅಗಲ ಬಿಟ್ಟಿದ್ದೆ, ಅದೂ ನೆಲಮಟ್ಟದಲ್ಲಿ. ಬೂದಿ ಕಟ್ಟಿ ಮುಚ್ಚಿಕೊಳ್ಳುತ್ತದೆ, ಉರಿ ಎಳೆಯುವುದಿಲ್ಲ, ಎಸರು ಬಿಸಿಯಾಗದೆ ಕೆಳಗಿನ ಗ್ಯಾಸಿನಿಂದಲೇ ಹೊತ್ತುಕೊಂಡು ಬರುತ್ತಿದ್ದೇನೆ. ನೆಲದಿಂದ ಮೂರು ಬೆರಳು ಮೇಲೆ, ಏರುಮುಖವಾಗಿ, ಮುಷ್ಟಿ ಹಿಡಿಯುವಷ್ಟು ಅಗಲ ಕೊರೆಯಬೇಕು ಅಂತ ಅವ್ವ ಹೇಳಿದ್ದಾಳೆ. ಭಾನುವಾರಕ್ಕೆ ಮಣ್ಣು ನೆನೆಹಾಕಿದ್ದೇನೆ. ಕೊರೆಯಲು ಡ್ರಿಲ್ ತರಲೇ ಅಂದೆ. ಅವ್ವ ಅಟ್ಟದ ಕಡೆ ಬೆರಳು ಮಾಡಿದಳು. ಅಲ್ಲಿ ಒಂದು ಹಳೇ ಕುಡುಗೋಲು ಇದೆ.